ಕಾರ್ನ್‌ಫ್ಲೇಕ್ಸ್ ಅಷ್ಟು ಸುಲಭಕ್ಕೆ ಹುಟ್ಟಿದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕಾರ್ನ್‌ಫ್ಲೇಕ್ಸ್ ಕುರಿತ ಬರಹ ಓದಿಸಿಕೊಂಡು ಹೋಯಿತು. ಆದರೆ ಅದರಲ್ಲಿ ಮೂರು ತಪ್ಪುಗಳಿವೆ. 1894ರಲ್ಲಿ ಮರೆತುಬಿಟ್ಟ ಕಣಕದಿಂದ ಕಾರ್ನ್‌ಫ್ಲೇಕ್ಸ್ ತಾನಾಗಿ ಹುಟ್ಟಿತು, ಕಾಮನಿಗ್ರಹಕ್ಕೆಂದೇ ಅದನ್ನು ಕಂಡುಹಿಡಿದರು ಎಂಬ ಎರಡು ತಪ್ಪು ಇತಿಹಾಸಕ್ಕೆ ಸೇರಿದವು, ಯಾರಿಗೂ ನಷ್ಟವಿಲ್ಲ. ಮೂರನೆಯದು ದುಡ್ಡಿನ ವಿಚಾರ. ಸ್ವಸಹಾಯ ಸಂಘಗಳು ಮೆಕ್ಕೆಜೋಳ ಬೇಯಿಸಿ, ಲಟ್ಟಿಸಿ, ಒಣಗಿಸಿ ಕಾರ್ನ್‌ಫ್ಲೇಕ್ಸ್ ಮಾರಬಹುದು ಎಂಬ ಸಲಹೆಯನ್ನು ನಂಬಿ ಯಾರಾದರೂ ಸಾಲ ಮಾಡಿದರೆ ಕಷ್ಟ.

ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನ ಸ್ಯಾನಿಟೇರಿಯಂ ಎಂಬ ಆರೋಗ್ಯಧಾಮದಲ್ಲಿ ಡಾ. ಜಾನ್ ಹಾರ್ವಿ ಕೆಲಾಗ್, ಅವರ ಪತ್ನಿ ಎಲ್ಲಾ ಈಟನ್, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ತಮ್ಮ ವಿಲ್ ಕೀತ್ ಸೇರಿ ರೋಗಿಗಳಿಗೆ ಸುಲಭವಾಗಿ ಜೀರ್ಣವಾಗುವ ಧಾನ್ಯಾಹಾರ ಹುಡುಕುತ್ತಿದ್ದುದು ನಿಜ. ಆದರೆ 1894ರಲ್ಲಿ ಹಾಗೇ ಉಳಿದುಹೋದದ್ದು ಬೇಯಿಸಿದ ಗೋಧಿ. ಅದನ್ನು ರೋಲರುಗಳ ನಡುವೆ ಹಾಯಿಸಿದಾಗ ಒಂದೇ ಹಾಳೆಯಾಗಿ ಬರುವ ಬದಲು ಒಂದೊಂದು ಕಾಳೂ ಒಂದೊಂದು ಪದರವಾಗಿ ಉದುರಿತು. ಬೆಂದ ಕಾಳಿನಲ್ಲಿ ಹೊರಗೆ ನೀರು ಹೆಚ್ಚು, ಒಳಗೆ ಕಡಿಮೆ. ಗಂಟೆಗಟ್ಟಲೆ ಬಿಟ್ಟರೆ ತೇವ ಒಳಕ್ಕೂ ಹರಡಿ ಕಾಳೆಲ್ಲ ಒಂದೇ ಹದಕ್ಕೆ ಬರುತ್ತದೆ. ಅವರ ಕೈಗೆ ಸಿಕ್ಕಿದ್ದು ಈ ಹದ. 1895ರ ಮೇ 31ರಂದು ಸಲ್ಲಿಸಿದ ಅರ್ಜಿಗೆ 1896ರ ಏಪ್ರಿಲ್ 14ರಂದು ಪೇಟೆಂಟ್ ಸಿಕ್ಕಿತು, ಅದೂ ಅಣ್ಣನೊಬ್ಬನ ಹೆಸರಿಗೆ. ಅದರಲ್ಲಿ ಗೋಧಿ, ಬಾರ್ಲಿ, ಓಟ್ಸ್, ಮೆಕ್ಕೆಜೋಳ ಎಲ್ಲದರ ಹೆಸರಿದ್ದರೂ ಮೊದಲು ಮಾರಾಟಕ್ಕೆ ಬಂದದ್ದು ಗ್ರನೋಸ್ ಎಂಬ ಗೋಧಿಯ ಪದರ.

ಡಾಕ್ಟರು ಕಾಮದ ವಿಚಾರದಲ್ಲಿ ವಿಪರೀತ ಮಡಿವಂತರು, ಮಸಾಲೆ ಮಾಂಸಗಳು ಕಾಮವನ್ನು ಕೆರಳಿಸುತ್ತವೆ ಎಂದು ನಂಬಿದ್ದವರು. ಆದರೆ ಪೇಟೆಂಟ್ ಹೇಳುವುದು ಜೀರ್ಣಶಕ್ತಿಯ ಮಾತನ್ನು. ಮತ್ತೆ ಬೇಯಿಸದೆ, ಬಿಸಿ ಮಾಡದೆ ತಿನ್ನಬಹುದಾದ ಆಹಾರ ಎನ್ನುವುದೇ ಅದರ ಸಾರ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಕಥೆ ಅವರ ನಂಬಿಕೆಯನ್ನು ತಂದು ಡಬ್ಬಿಯ ಮೇಲೆ ಅಂಟಿಸಿದೆ, ಅಷ್ಟೆ.

ಮೆಕ್ಕೆಜೋಳದ ಸರದಿ ಬಂದದ್ದು ಕೆಲ ವರ್ಷಗಳ ನಂತರ. ಇಡೀ ಕಾಳಿನಿಂದ ಮಾಡಿದ ಪದರ ಗಟ್ಟಿ, ಮೇಲಾಗಿ ಬೇಗ ಕಮಟು ಹಿಡಿಯುತ್ತಿತ್ತು. ಗಿರಣಿಯವರು ಜರ್ಮ್ ಎನ್ನುವ ಮೊಳಕೆಯ ಭಾಗದಲ್ಲೇ ಕಾಳಿನ ಎಣ್ಣೆಯಲ್ಲಿ ಬಹುಪಾಲು ಇರುವುದು ಇದಕ್ಕೆ ಕಾರಣ. ಜರ್ಮ್ ಮತ್ತು ಸಿಪ್ಪೆ ತೆಗೆದ ದಪ್ಪ ನುಚ್ಚನ್ನಷ್ಟೇ ಬಳಸಿ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿದ ಮೇಲೆ ಇಂದು ನಾವು ಕಾಣುವ ಕಾರ್ನ್‌ಫ್ಲೇಕ್ಸ್ ರೂಪುಗೊಂಡಿತು. ಸಕ್ಕರೆ ಸೇರಿಸಲು ಅಣ್ಣ ಸುತರಾಂ ಒಪ್ಪಲಿಲ್ಲ. ತಮ್ಮ ಬೇರೆಯಾಗಿ 1906ರ ಫೆಬ್ರುವರಿ 19ರಂದು ಬ್ಯಾಟಲ್ ಕ್ರೀಕ್ ಟೋಸ್ಟೆಡ್ ಕಾರ್ನ್ ಫ್ಲೇಕ್ ಕಂಪನಿ ತೆರೆದರು. ಅಲ್ಲಿಂದ ಮುಂದೆ ಕೆಲಾಗ್ ಎಂಬ ಹೆಸರು ಯಾರದ್ದು ಎಂದು ಅಣ್ಣತಮ್ಮಂದಿರು ಕೋರ್ಟು ಹತ್ತಿದರು. 1920ರಲ್ಲಿ ಮಿಶಿಗನ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ತಮ್ಮ. ಮರೆತ ಗೋಧಿಯಿಂದ ಈ ಕಂಪನಿಯವರೆಗೆ 12 ವರ್ಷ ಹಿಡಿದಿದೆ. ನಿಮ್ಮ ಬರಹದಲ್ಲಿ ಅದು ಒಂದು ರಾತ್ರಿಯ ಕೆಲಸ!

ಅಷ್ಟರಲ್ಲಿ ಊರಿನಲ್ಲಿ ಹತ್ತಾರು ಧಾನ್ಯಾಹಾರ ಕಂಪನಿಗಳು ಎದ್ದಿದ್ದವು. ಅದೇ ಸ್ಯಾನಿಟೇರಿಯಂನಲ್ಲಿ ರೋಗಿಯಾಗಿದ್ದ ಸಿ. ಡಬ್ಲ್ಯು. ಪೋಸ್ಟ್ 1897ರಲ್ಲೇ ಗ್ರೇಪ್‌ನಟ್ಸ್ ತಂದಿದ್ದರು. ಅದರಲ್ಲಿ ದ್ರಾಕ್ಷಿಯೂ ಇಲ್ಲ, ಬೀಜವೂ ಇಲ್ಲ. ಪ್ರವಾದಿ ಎಲೈಜನ ಹೆಸರಿಟ್ಟು ಅವರು ಮಾರಿದ ಕಾರ್ನ್‌ಫ್ಲೇಕ್ಸ್‌ಗೆ ಪಾದ್ರಿಗಳು ತಿರುಗಿಬಿದ್ದದ್ದರಿಂದ 1908ರಲ್ಲಿ ಪೋಸ್ಟ್ ಟೋಸ್ಟೀಸ್ ಎಂದು ಬದಲಿಸಬೇಕಾಯಿತು. ಈ ಗದ್ದಲದಲ್ಲಿ ವಿಲ್ ಕೆಲಾಗ್ ಗೆದ್ದದ್ದು ಪ್ರಚಾರದಿಂದ. ತಮ್ಮ ಸಹಿಯನ್ನೇ ಡಬ್ಬಿಯ ಮೇಲೆ ಅಚ್ಚು ಹಾಕಿಸಿ, ಸಹಿ ಇಲ್ಲದ್ದು ಅಸಲಿಯಲ್ಲ ಎಂದರು. 1907ರಲ್ಲಿ ನ್ಯೂಯಾರ್ಕಿನ ಗೃಹಿಣಿಯರಿಗೆ, ದಿನಸಿ ಅಂಗಡಿಯವನಿಗೆ ಕಣ್ಣು ಹೊಡೆಯಿರಿ, ಏನು ಸಿಗುತ್ತದೋ ನೋಡಿ ಎಂದು ಜಾಹೀರಾತು ಕೊಟ್ಟರು. ಸಿಗುತ್ತಿದ್ದುದು ಒಂದು ಉಚಿತ ಪೊಟ್ಟಣ. ಆ ಕಾಲಕ್ಕೆ ಇದು ಸಾಕಷ್ಟು ತುಂಟತನವೇ. 1909ರಲ್ಲಿ ಎರಡು ಡಬ್ಬಿ ಕೊಂಡವರಿಗೆ ಪ್ರಾಣಿಗಳ ಚಿತ್ರದ ಪುಸ್ತಕ. ಮಕ್ಕಳ ಕೈಯಿಂದ ತಾಯಂದಿರ ಪರ್ಸಿಗೆ ದಾರಿ ಮಾಡಿದ್ದು ಅದು. ಈಗಿನ ಡಬ್ಬಿಯೊಳಗಿನ ಆಟಿಕೆಯ ಮೂಲಪುರುಷ. 1914ರ ಹೊತ್ತಿಗೆ ಡಬ್ಬಿಗೆ ಮೇಣದ ಕಾಗದ ಸುತ್ತತೊಡಗಿದರು. ಹಾಡಿ ಹೊಗಳಬೇಕಾದದ್ದು ಇದನ್ನು, ಏಕೆಂದರೆ ಗರಿಗರಿ ಉಳಿಯದಿದ್ದರೆ ಉಳಿದ ಪ್ರಚಾರವೆಲ್ಲ ನೀರಿನಲ್ಲಿ ಹೋಮ.

ಈಗ ತಯಾರಿಕೆಗೆ ಬರೋಣ. ಅವಲಕ್ಕಿ ಕುಟ್ಟುವ ನಮ್ಮವರಿಗೆ ಇದರ ತತ್ವ ಹೊಸದಲ್ಲ: ನೆನೆಸು, ಶಾಖ ಕೊಡು, ಹದ ನೋಡಿ ಚಪ್ಪಟೆ ಮಾಡು. ವ್ಯತ್ಯಾಸ ಅಳತೆಯಲ್ಲಿ. ಕಾಳಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಗಾತ್ರದ ನುಚ್ಚನ್ನು ಸಕ್ಕರೆ, ಉಪ್ಪು, ಮಾಲ್ಟಿನ ನೀರಿನೊಂದಿಗೆ ತಿರುಗುವ ಕುಕ್ಕರಿನಲ್ಲಿ ಸುಮಾರು 2 ಗಂಟೆ ಹಬೆಯಲ್ಲಿ ಬೇಯಿಸುತ್ತಾರೆ. ಒತ್ತಡ ನಮ್ಮ ಮನೆಯ ಪ್ರೆಶರ್ ಕುಕ್ಕರಿನಷ್ಟೇ. ಹೊರಬರುವಾಗ ತೇವಾಂಶ ಶೇ 30ರ ಆಸುಪಾಸು. ಗಂಟು ಒಡೆದು, ಬಿಸಿಗಾಳಿಯಲ್ಲಿ ಶೇ 15ರ ಹತ್ತಿರಕ್ಕೆ ಇಳಿಸಿ, ಕೆಲವು ಗಂಟೆ ಹದಕ್ಕೆ ಬಿಡುತ್ತಾರೆ. ಆಮೇಲೆ ನೀರಿನಿಂದ ತಂಪಾಗಿಸುವ ಉಕ್ಕಿನ ಭಾರಿ ರೋಲರು, ಕೊನೆಗೆ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಲೆಯಲ್ಲಿ ಒಂದು ಒಂದೂವರೆ ನಿಮಿಷ. ಉಳಿಯುವ ತೇವ ಶೇ 3ಕ್ಕಿಂತ ಕಡಿಮೆ.

ಸಣ್ಣ ಘಟಕಗಳು ಎಡವುವುದು ಕೊನೆಯ ಎರಡು ಹಂತಗಳಲ್ಲಿ. ತೇವ ಹೆಚ್ಚಾದರೆ ನುಚ್ಚು ರೋಲರಿಗೆ ಮೆತ್ತಿಕೊಂಡು ರಬ್ಬರಿನಂತೆ ಎಳೆಯುತ್ತದೆ, ಕಡಿಮೆಯಾದರೆ ಪುಡಿಪುಡಿ. ಹದಕ್ಕೆ ಬಿಡುವ ಹೊತ್ತು ಉಳಿಸಲು ಹೋದರೆ ಅಂಚು ಹರಿದ ಪದರಗಳೇ ಹೆಚ್ಚು. ನಡುವೆ ಬಿಳಿ ಚುಕ್ಕೆ ಕಂಡರೆ ಬೇಯುವುದು ಸಾಲಲಿಲ್ಲ ಎಂದರ್ಥ. ಆ ಚುಕ್ಕೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಇನ್ನು ಒಲೆ: ಒಂದು ಪದರವನ್ನು ಬೆಳಕಿಗೆ ಹಿಡಿದು ನೋಡಿ, ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಉಳಿದ ತೇವ ಒಮ್ಮೆಲೇ ಹಬೆಯಾಗಿ ಸಿಡಿದ ಗುರುತು ಅದು. ಬಿಸಿಲಲ್ಲೋ ಸಾಧಾರಣ ಡ್ರೈಯರಿನಲ್ಲೋ ನಿಧಾನಕ್ಕೆ ಒಣಗಿಸಿದರೆ ಗುಳ್ಳೆ ಏಳುವುದಿಲ್ಲ, ಸಂಡಿಗೆಯ ಚೂರು ಸಿಗುತ್ತದೆ. ಇಷ್ಟೆಲ್ಲ ಸರಿಬಂದರೂ ಮಳೆಗಾಲದ ಕರಾವಳಿಯಲ್ಲಿ ತೆಳು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಟ್ಟರೆ ಬಹಳ ದಿನ ನಿಲ್ಲದು.

ಬಿಸಿ ಹಾಲಿನಲ್ಲಿ ಮುದ್ದೆಯಾಗುವುದಕ್ಕೂ ಇದೇ ಕಾರಣ: ಆಗಲೇ ಬೆಂದ ಪಿಷ್ಟ, ತೆಳು ಪದರ, ಒಳಗೆಲ್ಲ ಗುಳ್ಳೆ. 1994ರಲ್ಲಿ ಭಾರತಕ್ಕೆ ಬಂದ ಕೆಲಾಗ್ಸ್‌ಗೆ ಕೈಕೊಟ್ಟವುಗಳಲ್ಲಿ ದುಬಾರಿ ಬೆಲೆಯ ಜೊತೆ ಹಾಲು ಕಾಯಿಸಿ ಬಿಸಿಬಿಸಿ ಹಾಕಿಕೊಳ್ಳುವ ನಮ್ಮ ರೂಢಿಯೂ ಸೇರಿದೆ.

ಪೌಷ್ಟಿಕತೆಯ ಬಗ್ಗೆ ಲೇಖಕರು ಡಬ್ಬಿಯ ಮುಂಭಾಗದಲ್ಲಿ ಅಚ್ಚಾದ ಮಾತನ್ನೇ ನಂಬಿದ್ದಾರೆ. ಮಕ್ಕಳ ಏಕಾಗ್ರತೆ ಹೆಚ್ಚಿಸುತ್ತದೆ ಎಂದು ಫ್ರಾಸ್ಟೆಡ್ ಮಿನಿ ವೀಟ್ಸ್ ಮೇಲೆ ಬರೆದದ್ದಕ್ಕೆ 2009ರಲ್ಲಿ, ರೋಗನಿರೋಧಕ ಶಕ್ತಿ ಎಂದು ರೈಸ್ ಕ್ರಿಸ್ಪೀಸ್ ಮೇಲೆ ಬರೆದದ್ದಕ್ಕೆ 2010ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೆಲಾಗ್ಸ್ ಕಂಪನಿಯ ಕಿವಿ ಹಿಂಡಿದೆ. ಹಾಲು ಸೇರಿಸಿ ಸಕ್ಕರೆಯ ಪ್ರಮಾಣ ಲೆಕ್ಕ ಹಾಕಿ ಎಂದು ಇಂಗ್ಲೆಂಡಿನ ಹೈಕೋರ್ಟಿನಲ್ಲಿ ಅದೇ ಕಂಪನಿ ಹೂಡಿದ್ದ ದಾವೆ 2022ರಲ್ಲಿ ಬಿದ್ದುಹೋಯಿತು. ಡಬ್ಬಿಯ ಪಕ್ಕದಲ್ಲಿರುವ ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಸಕ್ಕರೆ ಎಷ್ಟನೆಯದು ನೋಡಿದರೆ ಸಾಕು. 100 ಗ್ರಾಂಗೆ 30 ಗ್ರಾಂ ಸಕ್ಕರೆಯಿರುವ ಚಾಕೊಲೇಟ್ ಬಗೆಯದ್ದಾದರೆ 30 ಗ್ರಾಂ ಬಟ್ಟಲಿನಲ್ಲಿ 9 ಗ್ರಾಂ, ಅಂದರೆ ಎರಡು ಟೀ ಚಮಚಕ್ಕೆ ಕಡಿಮೆಯಿಲ್ಲ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದಲ್ಲಿ ಹೆಚ್ಚಿನದು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ, ಅದಕ್ಕೆ ಮೌಲ್ಯವರ್ಧನೆ ಬೇಕು ಎಂಬ ಲೇಖಕರ ಕಾಳಜಿ ಸರಿಯೇ. ಸಂಘಗಳು ಕೈಹಾಕುವುದಾದರೆ ಬೇಕರಿ ಮಿಕ್ಸ್ಚರಿಗೆ ಬಳಸುವ, ಎಣ್ಣೆಯಲ್ಲಿ ಕರಿಯುವ ದಪ್ಪ ಮೆಕ್ಕೆಜೋಳದ ಅವಲಕ್ಕಿ ವಾಸಿ. ಅದಕ್ಕೆ 300 ಡಿಗ್ರಿ ಒಲೆ ಬೇಡ. ಅರಳಿಸುವ ಕೆಲಸ ಬಾಣಲೆಯ ಎಣ್ಣೆಯದು. ಸಕ್ಕರೆ, ಮಾಲ್ಟ್ ಹಾಕಬಾರದು, ಹಾಕಿದರೆ ಕರಿಯುವಾಗ ಅರಳುವ ಮುನ್ನವೇ ಕಪ್ಪಾಗುತ್ತದೆ. ಜರ್ಮ್ ತೆಗೆದ ನುಚ್ಚನ್ನೇ ಗಿರಣಿಯಿಂದ ತರಬೇಕು. ಬೂಸ್ಟು ಕಂಡ ಅಥವಾ ಸರಿಯಾಗಿ ಒಣಗದ ಕಾಳಿನದ್ದಾದರೆ ತೆಗೆದುಕೊಳ್ಳಲೇಬಾರದು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇದ್ದರೆ ಕರಿದರೂ ಪೂರ್ತಿ ಹೋಗುವುದಿಲ್ಲ.

– ಧಾನ್ಯ ಸಂಸ್ಕರಣೆಯ ಕ್ಷೇತ್ರದ ಓದುಗರು, ದಾವಣಗೆರೆ