ತೈಲವರ್ಣ ಕಲಿಸುವ ಮುನ್ನ ಒರೆಸುವ ಬಟ್ಟೆಯ ಬಗ್ಗೆ ಹೇಳಿ

ಮಾನ್ಯರೇ,

ಬೇಸಿಗೆ ರಜೆಯ ಚಿತ್ರಕಲಾ ಶಿಬಿರಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೂ ತೈಲವರ್ಣದ ಟ್ಯೂಬ್ ಕೊಡುವುದುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತ ಮಕ್ಕಳಿಗೆ ಆ ಹೊಳಪು ತಮಗೂ ಬೇಕೆನಿಸುವುದು ಸಹಜ. ಆದರೆ ಈ ಬಣ್ಣದ ತೊಂದರೆಗಳನ್ನು, ಅದರಲ್ಲೂ ಬೆಂಕಿಯ ಅಪಾಯವನ್ನು, ಪೋಷಕರಿಗೆ ಮೊದಲೇ ಬಿಡಿಸಿ ಹೇಳಬೇಕು.

ಜಲವರ್ಣ ಒಣಗುವುದು ನೀರು ಆರಿದಾಗ. ತೈಲವರ್ಣ ಹಾಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಕ್ಯಾನ್ವಾಸಿನ ತೆಳು ಪದರದಿಂದ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಕುಂಚ ಒರೆಸಿ ಅದೇ ಎಣ್ಣೆ ಕುಡಿದ ಹತ್ತಿ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಒಳಗಿನ ಕಾವಿಗೆ ಹೊರದಾರಿ ಇರುವುದಿಲ್ಲ. ಕಾವು ಏರಿ ಏರಿ, ಮೊದಲು ಕಮಟು ವಾಸನೆ, ಆಮೇಲೆ ಹೊಗೆ. ಕಿಡಿ ಸೋಕದೆಯೂ ಕೆಲವೇ ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬರೀ ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗೆ ಈ ಅಪಾಯ ಇನ್ನೂ ಹೆಚ್ಚು. ಕೆಲಸ ಮುಗಿದ ಕೂಡಲೇ ಇಂಥ ಬಟ್ಟೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಇಲ್ಲವೇ ಮನೆಯ ಹೊರಗೆ ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರಡಿ, ಗರಿಗರಿಯಾಗುವವರೆಗೆ ಒಣಗಿಸಿ ಆಮೇಲೆ ಎಸೆಯಬೇಕು.

ತೈಲವರ್ಣವನ್ನು ತೆಳುವಾಗಿಸಲು, ಕುಂಚ ತೊಳೆಯಲು ಬಳಸುವ ಟರ್ಪೆಂಟೈನ್ ಕೂಡ ಬೆಂಕಿಗೆ ಹತ್ತಿರದ್ದೇ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅದರ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಬಿಸಿಲು 40 ದಾಟುತ್ತದೆ. ಅಲ್ಲಿ ತೆರೆದ ಬಟ್ಟಲಲ್ಲಿ ಟರ್ಪೆಂಟೈನ್ ಇಟ್ಟು, ಪಕ್ಕದಲ್ಲೇ ದೀಪವನ್ನೋ ಸೊಳ್ಳೆಬತ್ತಿಯನ್ನೋ ಹಚ್ಚುವ ಮಾತೇ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಘಾಟಿಗೆ ತಲೆನೋವು, ಕಣ್ಣುರಿ ಬರುತ್ತದೆ, ಕೆಲವರ ಚರ್ಮ ಕೆಂಪಾಗಿ ಕಡಿಯುತ್ತದೆ. ಅಗ್ಗವೆಂದು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ತಂದು ಬಳಸುವುದು ಇದಕ್ಕಿಂತ ಕೆಟ್ಟದ್ದು. ಬಳಸಿದ ಟರ್ಪೆಂಟೈನನ್ನು ಸಿಂಕಿಗೆ ಸುರಿಯಬಾರದು. ಮುಚ್ಚಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು.

ಇನ್ನು ಕಾಯುವ ತಾಪತ್ರಯ. ಬರ್ಂಟ್ ಅಂಬರ್ ಎಂಬ ಕಂದು ಬಣ್ಣ ಎರಡು ಮೂರು ದಿನಕ್ಕೆ ಕೈಗಂಟದಂತಾದರೆ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪಿಗೆ, ಐವರಿ ಬ್ಲ್ಯಾಕ್ ಎಂಬ ಕಪ್ಪಿಗೆ ವಾರ ಮೀರುತ್ತದೆ. ದಪ್ಪ ಹಚ್ಚಿದರೆ, ಮಳೆಗಾಲವಾದರೆ ಇನ್ನೂ ತಡ. ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಬೇಕು. ವಾರದ ಶಿಬಿರಕ್ಕೆ ಇದು ಹೊಂದುವುದಾದರೂ ಹೇಗೆ? ಆತುರಪಟ್ಟು, ಎಣ್ಣೆ ಹೆಚ್ಚಿರುವ ಹಸಿ ಪದರದ ಮೇಲೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ ಹಚ್ಚಿದರೆ ಮೇಲಿನದು ಬೇಗ ಬಿಗಿಯುತ್ತದೆ, ಕೆಳಗಿನದು ಇನ್ನೂ ಅಲುಗುತ್ತಿರುತ್ತದೆ, ಚಿತ್ರ ಬಿರುಕು ಬಿಡುತ್ತದೆ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ಕ್ರಮ ತಪ್ಪಬಾರದು. ಅಗಸೆ ಎಣ್ಣೆಯ ಬದಲು ಅಡುಗೆಮನೆಯ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೆರೆಸಿದರೆ ವರ್ಷವಾದರೂ ಅಂಟಂಟಾಗಿಯೇ ಇರುತ್ತದೆ, ಏಕೆಂದರೆ ಇವು ಗಾಳಿಗೆ ಗಟ್ಟಿಯಾಗುವ ಎಣ್ಣೆಗಳಲ್ಲ.

ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಬೇಕು. ಒಳಗಿರುವ ಬಣ್ಣದ ಪುಡಿ ಯಾವುದೆಂಬ ಗುರುತುಸಂಖ್ಯೆ ಅಲ್ಲಿರುತ್ತದೆ. ಪಿಡಬ್ಲ್ಯು 1 (PW1) ಎಂದಿದ್ದರೆ ಅದು ಸೀಸದ ಬಿಳಿ, ಪಿಆರ್ 108 (PR108) ಎಂದರೆ ಕ್ಯಾಡ್ಮಿಯಂ ಕೆಂಪು. ಸೀಸ, ಕ್ಯಾಡ್ಮಿಯಂ ಎರಡೂ ವಿಷಕಾರಿ ಲೋಹಗಳು, ಈ ಬಣ್ಣಗಳು ಮಕ್ಕಳ ಕೈಗೆ ಸಿಗಬಾರದು. ಬಿಳಿಗೆ ಪಿಡಬ್ಲ್ಯು 6 (PW6), ಅಂದರೆ ಟೈಟಾನಿಯಂ ಬಿಳಿ ಸಾಕು. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ದೂಳೆಬ್ಬಿಸುವುದು ಯಾರಿಗೂ ಒಳ್ಳೆಯದಲ್ಲ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೂ ಚಿತ್ರಕ್ಕೂ ನಡುವೆ ಒಂದು ಇಂಚು ಗಾಳಿಯಾಡುವಂತೆ ತೂಗುಹಾಕಬೇಕು.

ಮಕ್ಕಳಿಗೆ ಜಲವರ್ಣ, ಪೋಸ್ಟರ್ ಬಣ್ಣ ಕಡಿಮೆಯೇನಲ್ಲ, ನಮ್ಮ ಮೈಸೂರಿನ ಚಿತ್ರಕಲಾವಿದ ಕೆ. ವೆಂಕಟಪ್ಪನವರು ಊಟಿಯ ಬೆಟ್ಟ, ಮಂಜನ್ನು ಕಟ್ಟಿಕೊಟ್ಟದ್ದು ಜಲವರ್ಣದಲ್ಲೇ. ತೈಲವರ್ಣ ಕಲಿಸಿಯೇ ತೀರುತ್ತೇವೆ ಎನ್ನುವ ಶಿಬಿರಗಳು ದೊಡ್ಡ ಮಕ್ಕಳಿಗೆ ಮಾತ್ರ, ಕಿಟಕಿ ತೆರೆದ ಕೋಣೆಯಲ್ಲಿ ಕಲಿಸಲಿ. ಮೊದಲ ದಿನವೇ ನೀರು ತುಂಬಿದ ತಗಡಿನ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು, ಒರೆಸಿದ ಬಟ್ಟೆ ಹಾಕಬೇಕಾದ ಜಾಗ ಇದೇ ಎಂದು ತೋರಿಸಲಿ.

– ಚಿತ್ರಕಲಾ ಶಿಕ್ಷಕಿ, ಶಿವಮೊಗ್ಗ