ಮಾತೋರ್ ಯಾವ ಮನೆತನದ್ದು? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಬದುಕಿದ್ದೀಯಾ ಎಂದು ನೀನು ಎಲ್ಲರೆದುರು ಕೇಳಿರುವುದರಿಂದ ಉತ್ತರವನ್ನೂ ಎಲ್ಲರೆದುರೇ ಬರೆಯುತ್ತಿದ್ದೇನೆ. ಬದುಕಿದ್ದೇನೆ. ಆದರೆ ಸದ್ಯಕ್ಕೆ ನನ್ನ ಸಹವಾಸವೆಲ್ಲ ಮಾತೋರ್ ಎಂಬ ಭಾಷೆಯೊಂದಿಗೆ.

ದಕ್ಷಿಣ ಸೈಬೀರಿಯಾದ ಸಯಾನ್ ಪರ್ವತಗಳ ಸೀಮೆಯಲ್ಲಿ ಬಳಕೆಯಲ್ಲಿದ್ದ ಈ ಸಮೊಯೆಡಿಕ್ ಭಾಷೆ (ಫಿನ್ನಿಶ್ ಕೂಡ ಸೇರಿರುವ ಯುರಾಲಿಕ್ ಕುಟುಂಬದ ಒಂದು ಕವಲಿನದು) 1840ರ ದಶಕದ ಹೊತ್ತಿಗೆ ಇಲ್ಲವಾಯಿತು. ಅದನ್ನು ಆಡುತ್ತಿದ್ದ ಜನ ಅಳಿಯಲಿಲ್ಲ. ಅವರ ಮಕ್ಕಳು ನೆರೆಯ ತುರ್ಕಿಕ್ ಭಾಷೆಗಳಿಗೂ ರಷ್ಯನ್ನಿಗೂ ಹೊರಳಿಕೊಂಡರು. ಉಳಿದಿರುವುದು ಆ ಸೀಮೆಯನ್ನು ಸುತ್ತಿದ ಮ್ಯುಲ್ಲರ್, ಪಲ್ಲಾಸ್, ಸ್ಪಾಸ್ಕಿ ಮೊದಲಾದ ಸಂಶೋಧಕರು ಬರೆದಿಟ್ಟ ಪದಪಟ್ಟಿಗಳು. ಒಬ್ಬ ಲ್ಯಾಟಿನ್ ಲಿಪಿಯಲ್ಲಿ ಬರೆದರೆ ಇನ್ನೊಬ್ಬ ರಷ್ಯನ್ ಅಕ್ಷರಗಳಲ್ಲಿ, ತನ್ನ ಕಿವಿಗೆ ಬಿದ್ದ ಹಾಗೆ. ಸ್ವರ ಗಿಡ್ಡದೋ ಉದ್ದದೋ ಎಂಬುದನ್ನು ನಾವು ಎರಡು ಬರಹಗಳ ನಡುವಿನ ಅಂತರದಲ್ಲಿ ಹುಡುಕಬೇಕು. ಮಾತೋರ್, ತೈಗಿ, ಕರಗಾಸ್ ಎಂಬ ಮೂರು ಹೆಸರುಗಳಡಿ ಚದುರಿದ್ದ ಇವೆಲ್ಲವನ್ನೂ ಭಾಷಾವಿಜ್ಞಾನಿ ಯೆವ್ಗೆನಿ ಹೆಲಿಮ್‌ಸ್ಕಿ 1997ರಲ್ಲಿ ಒಂದೇ ಪುಸ್ತಕಕ್ಕೆ ತಂದು, ಅದರಿಂದ ವ್ಯಾಕರಣದ ರೂಪರೇಖೆಯನ್ನೂ ತೆಗೆದರು. ಅಂಥ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಇದು ಯಾವ ಮನೆತನದ್ದು ಎಂಬ ತಕರಾರು ಮಾತ್ರ ಮುಗಿದಿಲ್ಲ. ಹಿಂದೆ ಸೆಲ್ಕುಪ್, ಕಮಾಸ್ ಎಂಬ ಇತರ ಸಮೊಯೆಡಿಕ್ ಭಾಷೆಗಳೊಂದಿಗೆ ಇದನ್ನೂ ಆ ಕವಲಿನ ದಕ್ಷಿಣ ಶಾಖೆಯಲ್ಲಿ ಕೂರಿಸುತ್ತಿದ್ದರು. ಈಗ ಅನೇಕರು ಆ ಶಾಖೆಯನ್ನು ನೆರೆಹೊರೆಯ ಗುಂಪೆಂದು ಕಾಣುತ್ತಾರೆಯೇ ಹೊರತು ಒಂದೇ ತಾಯಿಯ ಮಕ್ಕಳೆಂದಲ್ಲ. ಮಾತೋರ್ ತಾನೇ ಒಂದು ಪ್ರತ್ಯೇಕ ಕವಲೆಂಬ ವಾದಕ್ಕೆ ಬಲ ಬಂದಿದೆ. ಅಕ್ಕಪಕ್ಕ ಬಾಳಿದವರು ಒಬ್ಬರನ್ನೊಬ್ಬರು ಹೋಲತೊಡಗಿದರೆ, ಅದರಲ್ಲಿ ರಕ್ತದ ಪಾಲೆಷ್ಟು, ಸಹವಾಸದ ಪಾಲೆಷ್ಟು ಎಂದು ಬರಿಯ ಪದಪಟ್ಟಿ ಹಿಡಿದು ಬಿಡಿಸುವುದು ಸುಲಭವಲ್ಲ.

ಈ ಪಾಲಿನ ಲೆಕ್ಕದಲ್ಲಿ ನಾನು ಇಷ್ಟೊಂದು ಸುಖವಾಗಿರುವುದೇಕೆ ಎಂಬುದು ಮೊನ್ನೆ ಹೊಳೆಯಿತು. ಮಾತೋರ್ ಎದುರು ಮಾತಾಡುವುದಿಲ್ಲ. ಊರಿನಿಂದ ಅಣ್ಣನ ಫೋನು ಬಂದರೆ ಮೊಬೈಲನ್ನು ಕವುಚಿಟ್ಟು ಓದು ಮುಂದುವರಿಸುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ತೋಟ, ಪಹಣಿ, ಸಹಿ ಎಂಬಷ್ಟರಲ್ಲೇ ಮಾತು ಮುಗಿಸುತ್ತೇವೆ. ನಮ್ಮ ಸಂಭಾಷಣೆಯನ್ನು ಯಾರಾದರೂ ಬರೆದಿಟ್ಟರೆ ನಾವು ಒಡಹುಟ್ಟಿದವರೆಂದು ಯಾವ ಪಂಡಿತನಿಗೂ ಸಾಬೀತು ಮಾಡಲಾಗದು.

ಇಷ್ಟು ಬರೆಯುವ ಇರಾದೆ ಇರಲಿಲ್ಲ. ಓದುಗರು ಮೇಲಿನ ಪರಿಚ್ಛೇದವನ್ನು ದಯವಿಟ್ಟು ಹಾರಿಸಬೇಕು. ಕನ್ನಡಕ್ಕೂ ಇದಕ್ಕೂ ಏನು ನಂಟು ಎಂದು ಕೇಳುವವರಿಗೆ: ದ್ರಾವಿಡ ಭಾಷೆಗಳ ವ್ಯಾಕರಣಗಳನ್ನು ಹೋಲಿಸಿ ಬರೆದ ಕಾಲ್ಡ್‌ವೆಲ್ 1856ರಲ್ಲೇ ಅವನ್ನು ಮಾತೋರ್ ಕೂಡ ಸೇರಿರುವ ಫಿನ್ನಿಶ್ ಬಳಗದ ಕಡೆಗೆ ಜೋಡಿಸಲು ನೋಡಿದ್ದ, ಇಂದು ಬಹುತೇಕ ವಿದ್ವಾಂಸರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ನೀನು ನಗುತ್ತಿರುವುದು ಗೊತ್ತು. ನನ್ನ ಎರಡು ಪುಸ್ತಕ ನಿನ್ನಲ್ಲೇ ಇವೆ, ಕೊರಿಯರ್ ಮಾಡು, ಖರ್ಚು ನಿನ್ನದೇ.

ನಿನ್ನ,
ಆರನೇ ಬೆಂಚಿನ ಪಾಣಿನಿ