ವಾರದ ತರಕಾರಿ ಪಟ್ಟಿ ಇನ್ನು ಮೊದಲು ಮ್ಯಾಸ್ಟೋಡಾನ್‌ನಲ್ಲಿ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿನಿಂದ ನಮ್ಮ ಸಹಕಾರಿಯ ವಾರದ ಪಟ್ಟಿಯನ್ನು ಮೊದಲು ಟ್ವಿಟರ್ ತರಹದ ಸಾಮಾಜಿಕ ಜಾಲತಾಣವಾದ ಮ್ಯಾಸ್ಟೋಡಾನ್‌ನಲ್ಲಿ ಹಾಕುತ್ತೇವೆ. ಈಗ ಪಟ್ಟಿ ಹಾಕುತ್ತಿರುವ ಜಾಲತಾಣದ ನಮ್ಮ ಪುಟದಲ್ಲಿ ಅದರ ಲಿಂಕ್ ಮಾತ್ರ ಇರುತ್ತದೆ. ಆರ್ಡರ್ ಕೊಡುವ ರೀತಿ, ದರ, ಮನೆಗೆ ತಲುಪಿಸುವ ದಿನ ಯಾವುದೂ ಬದಲಾಗುವುದಿಲ್ಲ. ಫೋನ್ ಮಾಡಿ ಕೇಳುವವರು ಫೋನೇ ಮಾಡಿ.

ಬೆಳಿಗ್ಗೆ ಕಿತ್ತ ಸೊಪ್ಪಿನ ಸುದ್ದಿ ನಿಮ್ಮಲ್ಲಿ ಹಲವರಿಗೆ ಅದು ಬಾಡಿದ ಮೇಲೆ ಕಾಣುತ್ತಿತ್ತು. ನಮ್ಮ ಪುಟ ಫಾಲೋ ಮಾಡುವವರಿಗೇ ಸುದ್ದಿ ಮುಟ್ಟಿಸಲು ದುಡ್ಡು ಕಟ್ಟಿ ಅಂತ ಆ ಜಾಲತಾಣದವರು ಅಂದರೆ ಹೇಗೆ? ಮ್ಯಾಸ್ಟೋಡಾನ್‌ನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ, ಅಷ್ಟೇ. ಜಾಹೀರಾತಿಲ್ಲ.

2016ರಲ್ಲಿ ಜರ್ಮನಿಯ ಯೂಜೆನ್ ರೋಷ್ಕೊ ಶುರು ಮಾಡಿದ ಈ ತಂತ್ರಾಂಶದ ಕೋಡ್ ಎಲ್ಲರಿಗೂ ಮುಕ್ತ. ಖಾತೆಗಳನ್ನು ಇಟ್ಟುಕೊಳ್ಳುವ ಸರ್ವರ್ ಅನ್ನು ಯಾರು ಬೇಕಾದರೂ ನಡೆಸಬಹುದು. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುವ ಹಾಗೆ ಒಂದು ಸರ್ವರ್‌ನವರು ಇನ್ನೊಂದರವರನ್ನು ಫಾಲೋ ಮಾಡಬಹುದು. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡದಲ್ಲೇ ಶುರುವಾದ ಕೂ ಎಂಬ ಜಾಲತಾಣ 2024ರಲ್ಲಿ ಬಾಗಿಲು ಹಾಕಿತಲ್ಲ, ಅಲ್ಲಿ ಬರೆದವರ ಬಳಗವೆಲ್ಲ ಅದರ ಜೊತೆಗೇ ಚದುರಿತು. ಇಲ್ಲಿ ಒಂದು ಸರ್ವರ್ ನಿಂತರೂ ಉಳಿದವು ನಡೆಯುತ್ತವೆ.

ಆದರೆ ಇಷ್ಟು ಹೇಳಿದರೆ ಜನ ಬರುವುದಿಲ್ಲ. ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ, 2019ರ ನವೆಂಬರ್‌ನಲ್ಲಿ, ನಮ್ಮ ದೇಶದ ಬಹಳ ಜನ ಮ್ಯಾಸ್ಟೋಡಾನ್‌ಗೆ ಹೋದರು. ಟ್ವಿಟರ್ ಇಲಾನ್ ಮಸ್ಕ್ ಕೈಗೆ ಹೋದ 2022ರಲ್ಲಿ ಪ್ರಪಂಚದ ಎಲ್ಲ ಕಡೆಯಿಂದ ಹೋದರು. ಎರಡು ಸಲವೂ ಅನೇಕರು ವಾಪಸ್ ಬಂದರು. ಸಿಟ್ಟಿನಲ್ಲಿ ಹೋದವರಿಗೆ ಅಲ್ಲಿ ಪರಿಚಯದವರು ಸಿಗದಿದ್ದರೆ ಎಷ್ಟು ದಿನ ಸುಮ್ನೆ ಕೂತಿರುತ್ತಾರೆ, ಅಲ್ವಾ? ಮುಕ್ತ ತಂತ್ರಾಂಶದ ಭಾಷಣ ಕೇಳಿ ಯಾರೂ ಆ್ಯಪ್ ಹಾಕಿಕೊಳ್ಳುವುದಿಲ್ಲ. ಈರನಗೆರೆ ಬದನೆ ಬಂದಿದೆ ಅಂದರೆ ನೋಡುತ್ತಾರೆ.

ಹಾಗಾಗಿ ಕಡಿಮೆ ಬರುವ ಮಾಲಿನ ಸುದ್ದಿ ಅಲ್ಲಿಯೇ ಮೊದಲು. ಗಣಿಕೆ ಸೊಪ್ಪು, ಹೊನಗೊನೆ, ಸೊಗಡಿನ ಅವರೆ ಬಂದ ದಿನವೇ ಹಾಕುತ್ತೇವೆ. ಯಾವುದನ್ನು ಹೇಗೆ ಮಾಡುವುದು ಅಂತ ಕೇಳಿದರೆ ಬೆಳೆದವರೇ ಉತ್ತರ ಕೊಡುತ್ತಾರೆ. ನಮ್ಮ ಸದಸ್ಯರಿಗೆ ಟೈಪಿಂಗ್ ನಿಧಾನ, ಸ್ವಲ್ಪ ತಾಳ್ಮೆ ಇರಲಿ.

ಓದಲು ಖಾತೆ ಬೇಡ. ಲಿಂಕ್ ಒತ್ತಿದರೆ ಪಟ್ಟಿ ಬ್ರೌಸರ್‌ನಲ್ಲೇ ತೆರೆಯುತ್ತದೆ. ಖಾತೆ ಮಾಡುವವರಿಗೆ ತಲೆಬಿಸಿ ಆಗುವುದು ಯಾವ ಸರ್ವರ್ ಎಂಬ ಪ್ರಶ್ನೆಯಿಂದ. ಜಾಸ್ತಿ ಯೋಚಿಸಬೇಡಿ, ಮ್ಯಾಸ್ಟೋಡಾನ್.ಸೋಷಿಯಲ್ ಎಂಬ ಸರ್ವರ್ ಆದರೂ ಸಾಕು. ಆಮೇಲೆ ಬೇರೆ ಸರ್ವರ್‌ಗೆ ಹೋದರೆ ಫಾಲೋವರ್‌ಗಳನ್ನು ಕರೆದುಕೊಂಡು ಹೋಗಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ಅಲ್ಲೇ ಉಳಿಯುತ್ತವೆ.

ಒಂದು ವಿಷಯ ಗಮನಿಸಿ. ಅಲ್ಲಿನ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಓದಲು ಸಾಧ್ಯವಿದೆ. ನಿಮ್ಮ ವಿಳಾಸ, ಫೋನ್ ನಂಬರ್, ಹಣ ಕಟ್ಟಿದ ವಿವರವನ್ನು ಅದರಲ್ಲಿ ಕಳಿಸಬೇಡಿ. ಆರ್ಡರ್‌ಗೆ ಈಗಿನ ಫೋನ್ ನಂಬರೇ ಇರಲಿ.

ಶನಿವಾರ ಮಳಿಗೆಗೆ ಬಂದಾಗ ಕೇಳಿದರೆ ನಮ್ಮ ಹುಡುಗರು ಖಾತೆ ಮಾಡಲು ಜೊತೆಗಿರುತ್ತಾರೆ. ಪಾಸ್‌ವರ್ಡ್ ಮಾತ್ರ ನೀವೇ ಒತ್ತಿ, ಅವರಿಗೂ ಹೇಳಬೇಡಿ.

ಇಂತಿ,
ನಿಮ್ಮ ತರಕಾರಿ ಸಹಕಾರಿಯ ಸದಸ್ಯರು, ಮೈಸೂರು